ಕಾನು ಕಡಿಯದೆ ಉಳಿಸೋಕೆ ಕಾಗದದಲ್ಲಿ ಏನಾದರೂ ದಾರಿ ಇದೆಯಾ?

ಕಾನಂಚಿನ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲೂಕು. ತೋಟದ ಮೇಲ್ಗಡೆ 11 ಎಕರೆ ಕಾನಿದೆ, ಅಂದರೆ ದಟ್ಟ ನಿತ್ಯಹಸಿರು ಕಾಡು. ಅಪ್ಪ ಇರುವಷ್ಟು ದಿನ ಅದಕ್ಕೆ ಕತ್ತಿ ತಾಗಿಸಲಿಲ್ಲ. ಪರಿಸರ ಗಿರಿಸರ ಅಂತ ಅವರು ಮಾತಾಡಿದ್ದು ನನಗೆ ನೆನಪಿಲ್ಲ. ತೋಟದ ನೀರು ಅಲ್ಲಿಂದ ಬರುತ್ತದೆ, ಅಷ್ಟೇ ಕಾರಣ. ಏಪ್ರಿಲ್ ಕೊನೆಯಲ್ಲೂ ಅಬ್ಬಿಯಲ್ಲಿ ಹೆಬ್ಬೆರಳು ಗಾತ್ರದ ಧಾರೆ ಬೀಳುತ್ತಿರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಾವು ಚಿಕ್ಕವರಿದ್ದಾಗ ಅಡಿಕೆ ದಬ್ಬೆಯಲ್ಲಿ ಮನೆವರೆಗೆ ಹರಿದು ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ.

ಅಪ್ಪ ಹೋಗಿ ಎರಡು ವರ್ಷ ಆಯಿತು. ಈಗ ಪಾಲಿನ ಮಾತು ಎದ್ದಿದೆ. ಅಣ್ಣ ಬೆಂಗಳೂರಿನಲ್ಲಿದ್ದಾನೆ. ತಮ್ಮ ಊರಲ್ಲೇ ತೋಟ ನೋಡಿಕೊಳ್ಳುತ್ತಾನೆ. ನಾನು ಪೇಟೆಯಲ್ಲಿದ್ದೇನೆ. ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆ ಫಸಲು ಅರ್ಧಕ್ಕೆ ಇಳಿದಿದೆ. ಈ ನಡುವೆ ಒಬ್ಬರು ಶುಂಠಿ ಹಾಕೋಕೆ ಗುತ್ತಿಗೆ ಕೇಳಿಕೊಂಡು ಬಂದರು. ಮೇಲಿನ ಜಾಗ ಕೊಟ್ಟರೆ ಸಾಕಂತೆ, ಮರದ ಜವಾಬ್ದಾರಿ ಅವರದ್ದಂತೆ. ಅಣ್ಣನಿಗೆ ಮನಸ್ಸಿದೆ. ಅವನನ್ನು ಬೈಯೋಕೆ ಇಲ್ಲಿ ಬರೆಯುತ್ತಿಲ್ಲ, ಅವನಿಗೂ ಮಗಳ ಕಾಲೇಜಿನ ಖರ್ಚಿದೆ.

ಅಮೆರಿಕದಲ್ಲಿ ಜಮೀನು ನಮ್ಮ ಹೆಸರಲ್ಲೇ ಇಟ್ಟುಕೊಂಡು, ಇಲ್ಲಿ ಕಾಡು ಕಡಿಯುವುದಿಲ್ಲ ಅಂತ ಬರೆದುಕೊಡುವ ಪದ್ಧತಿ ಇದೆ ಅಂತ ಕೇಳಿದ್ದೇನೆ. ಮುಂದೆ ಯಾರು ಕೊಂಡರೂ ಆ ಬರಹ ಜಮೀನಿನ ಜೊತೆಗೇ ಹೋಗುತ್ತದಂತೆ. ನಮ್ಮಲ್ಲಿ ಅಂಥದ್ದು ಇದೆಯಾ?

ಪಹಣಿ ಪುಟ

ಅಮೆರಿಕ ಆಮೇಲೆ. ಮೊದಲು ಪಹಣಿ ತೆಗೆಸಿ. 11 ಎಕರೆ ನಮ್ಮದು ಅಂತೀರಿ, ಯಾವ ಲೆಕ್ಕದಲ್ಲಿ ನಿಮ್ಮದು? ಹಿಡುವಳಿಯಾ, ಅಂದರೆ ಸ್ವಂತ ಹಕ್ಕಿನ ಜಮೀನಾ? ತೋಟಕ್ಕೆ ಸೊಪ್ಪು ತರೋಕೆ ಬಿಟ್ಟುಕೊಟ್ಟ ಸೊಪ್ಪಿನಬೆಟ್ಟವಾ? ಸಾಗುವಳಿಗೆ ಬಾರದ್ದು ಅಂತ ಬಿಟ್ಟ ಖರಾಬಾ? ಖರಾಬಿನಲ್ಲೂ ಎ ಬೇರೆ, ಬಿ ಬೇರೆ. ಸರ್ವೆ ಕೆಲಸದಲ್ಲಿ ಮೂವತ್ತು ವರ್ಷ ಸರಪಳಿ ಎಳೆದವನು ನಾನು. ಮಲೆನಾಡಿನಲ್ಲಿ ಅಜ್ಜ ಅನುಭವಿಸಿದ ಜಾಗವನ್ನೆಲ್ಲ ನಮ್ಮದು ಅಂದುಕೊಳ್ಳುವವರೇ ಜಾಸ್ತಿ. ನಿಮ್ಮದಲ್ಲದ ಕಾಡನ್ನು ಕಾಪಾಡುತ್ತೇನೆ ಅಂತ ನೀವು ಬರೆದುಕೊಡೋಕೆ ಬರೋದಿಲ್ಲ.

ಸುಮ್ನೆ ಓದುಗ

ಅಕ್ಕ, ನನ್ನ ಮಾತು ಕೇಳಿ. ಜಮೀನಿನಲ್ಲಿ ಕಾಡಿದೆ ಅಂತ ಎಲ್ಲೂ ಬಾಯಿ ಬಿಡಬೇಡಿ. ಬರೆದುಕೊಡೋದಂತೂ ದೂರದ ಮಾತು. ನಮ್ಮ ಕಡೆ ಜನ ದುಡ್ಡಿನ ಆಸೆಗೆ ಮರ ಕಡಿಯೋದಕ್ಕಿಂತ ಹೆದರಿ ಕಡಿಯೋದು ಜಾಸ್ತಿ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಹೇಳಿದ್ದೇನು? ಮಾಲೀಕರು ಯಾರೇ ಆಗಲಿ, ನಿಘಂಟಿನ ಅರ್ಥದಲ್ಲಿ ಕಾಡು ಅನ್ನಿಸಿದ್ದೆಲ್ಲ ಕಾಡೇ. ಅದರ ಮೇಲೆ ಬಂದದ್ದು ಡೀಮ್ಡ್ ಫಾರೆಸ್ಟ್ ರಗಳೆ, ಅಂದರೆ ದಾಖಲೆಯಲ್ಲಿ ಕಾಡು ಅಂತ ಇಲ್ಲದಿದ್ದರೂ ಕಾಡು ಅಂತಲೇ ಎಣಿಸೋದು. ನಮ್ಮ ರಾಜ್ಯದಲ್ಲಿ ಮೊದಲು 9.94 ಲಕ್ಷ ಹೆಕ್ಟೇರ್ ಅಂದರು, 2022ರಲ್ಲಿ ಅದನ್ನು 3.30 ಲಕ್ಷಕ್ಕೆ ಇಳಿಸಿದರು. ಆ ನಡುವಿನ ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತು ಅಂತ ಮಲೆನಾಡಿನವರನ್ನು ಕೇಳಿ. ಪಕ್ಕದ ಕೇರಳದಲ್ಲಿ 1971ರ ಕಾನೂನಿನಿಂದ ಖಾಸಗಿ ಕಾಡೆಲ್ಲ ಸರ್ಕಾರದ ಪಾಲಾಯಿತು. ಬೋಳು ಮಾಡಿ ರಬ್ಬರು ಹಾಕಿದವರು ಉಳಿದುಕೊಂಡರು. ಮರ ಉಳಿಸಿದವರು ಬೆಪ್ಪರಾದರು.

ಶೆನಂಡೋವಾ ಕನ್ನಡಿಗ

ನಾನು ವರ್ಜೀನಿಯಾದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಮೂಲ ಹೊಸನಗರ. ಇಲ್ಲಿ ಹೇಗೆ ಅಂತ ಹೇಳುತ್ತೇನೆ, ನಮ್ಮಲ್ಲಿ ಆಗುತ್ತದೋ ಇಲ್ಲವೋ ಅನ್ನೋದನ್ನು ತಿಳಿದವರು ಹೇಳಲಿ.

ನಮ್ಮ ಮನೆ ಪಕ್ಕ ಒಬ್ಬ ಮುದುಕರ ಹುಲ್ಲುಗಾವಲು ಇದೆ. ಅವರು ಲ್ಯಾಂಡ್ ಟ್ರಸ್ಟ್ ಅನ್ನುವ ಸಂಸ್ಥೆಗೆ ಒಂದು ಹಕ್ಕು ಬರೆದುಕೊಟ್ಟಿದ್ದಾರೆ, ಕನ್ಸರ್ವೇಶನ್ ಈಸ್‌ಮೆಂಟ್ ಅಂತಾರೆ ಅದಕ್ಕೆ. ಜಮೀನು ಅವರದ್ದೇ, ಹುಲ್ಲು ಅವರದ್ದೇ, ದನ ಅವರದ್ದೇ. ಮಾರಬಹುದು, ಮಕ್ಕಳಿಗೆ ಕೊಡಬಹುದು. ತುಂಡು ತುಂಡು ಮಾಡಿ ಸೈಟು ಹಾಕುವ ಹಕ್ಕು ಮಾತ್ರ ಹೋಯಿತು, ಅದೂ ಶಾಶ್ವತವಾಗಿ. ಪತ್ರ ಕೌಂಟಿ ಕಚೇರಿಯಲ್ಲಿ ದಾಖಲಾಗಿದೆ. ವರ್ಷಕ್ಕೊಮ್ಮೆ ಸಂಸ್ಥೆಯ ಹುಡುಗಿಯೊಬ್ಬಳು ಬೂಟು ಹಾಕಿಕೊಂಡು ಬಂದು ಪೂರ್ತಿ ಜಾಗ ನಡೆದು, ಹೋದ ವರ್ಷ ನಿಂತಲ್ಲೇ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾಳೆ. ನನಗೆ ಹಿಡಿಸಿದ್ದು ಆ ಫೋಟೋ. ಪತ್ರಕ್ಕಿಂತ ಆ ಭೇಟಿಯೇ ಕೆಲಸ ಮಾಡುವುದು.

ಬಿಟ್ಟುಕೊಟ್ಟ ಹಕ್ಕಿಗೆ ಬೆಲೆ ಕಟ್ಟುತ್ತಾರೆ. ಅದಕ್ಕೆ ಕೇಂದ್ರದ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ನಮ್ಮ ರಾಜ್ಯ ಅದರ ಮೇಲೆ ಶೇ. 40ರಷ್ಟು ತೆರಿಗೆ ಕ್ರೆಡಿಟ್ ಕೊಡುತ್ತದೆ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದ ರೈತ ಆ ಕ್ರೆಡಿಟ್ಟನ್ನು ಬೇರೆಯವರಿಗೆ ಮಾರಿ ನಗದು ಮಾಡಿಕೊಳ್ಳಬಹುದು. ಕಾಡು ಉಳಿಸಿದ್ದಕ್ಕೆ ಕೈಗೆ ದುಡ್ಡು ಬರುತ್ತದೆ ಅಂತಾಯಿತು ಅಲ್ವಾ?

ಇಲ್ಲೂ ಕಳ್ಳಾಟ ಇದೆ. ಜಮೀನಿಗೆ ಇಲ್ಲದ ಬೆಲೆ ಕಟ್ಟಿಸಿ, ಹತ್ತಾರು ಜನ ಪಾಲುದಾರರಾಗಿ ತೆರಿಗೆ ಉಳಿಸುವ ದಂಧೆ ಜೋರಾಗಿ ನಡೆಯಿತು. ಹಾಕಿದ ಬಂಡವಾಳದ ಎರಡೂವರೆ ಪಟ್ಟು ಮೀರಿ ವಿನಾಯಿತಿ ತೋರಿಸುವ ಅಂಥ ಪಾಲುದಾರಿಕೆಗಳಿಗೆ 2022ರಲ್ಲಿ ಕಾನೂನು ಮಾಡಿ ಬೀಗ ಹಾಕಿದರು.

ಕೆಂಪು ಮಣ್ಣು

ನೂರು ಎಕರೆ ಇದ್ದವನು ಕಾಡು ಉಳಿಸುತ್ತಾನೆ, ಎರಡು ಎಕರೆ ಇದ್ದವನು ಏನು ಉಳಿಸಬೇಕು? ನಮ್ಮಲ್ಲೂ ಖಾಸಗಿ ವನ್ಯಧಾಮ ಅಂತ ಒಂದು ಪ್ರಸ್ತಾಪ ಬಂದಿತ್ತು. ಕಾಡು ಮುಂದೆ ಮಾಡಿ ಹಿಂದಿನಿಂದ ರೆಸಾರ್ಟ್ ಕಟ್ಟುವ ದಾರಿ ಅಂತ ಪರಿಸರದವರೇ ವಿರೋಧ ಮಾಡಿದರು. ಉಳ್ಳವರ ಹವ್ಯಾಸ ಇದೆಲ್ಲ.

ಕೋರ್ಟು ಕಟ್ಟೆ

ವಕೀಲಿ ಮಾಡುತ್ತೇನೆ. ಆದಷ್ಟು ಸರಳ ಮಾಡಿ ಹೇಳುತ್ತೇನೆ.

ವರ್ಜೀನಿಯಾದವರು ಹೇಳಿದ್ದನ್ನು ಇಲ್ಲಿ ಹಾಗೇ ನೆಡೋಕೆ ಬರೋದಿಲ್ಲ. ಅವರ ಪತ್ರದ ಹೆಸರಲ್ಲೇ ಈಸ್‌ಮೆಂಟ್ ಇದೆ. ಈಸ್‌ಮೆಂಟ್ ಅಂದರೆ ಬೇರೆಯವರ ಜಮೀನಿನ ಮೇಲೆ ನಮಗಿರುವ ಅನುಕೂಲದ ಹಕ್ಕು. ನಮ್ಮ ಈಸ್‌ಮೆಂಟ್ ಕಾಯ್ದೆ 1882ರದ್ದು. ಅದರ 4ನೇ ಕಲಂ ಪ್ರಕಾರ ಈಸ್‌ಮೆಂಟ್ ಹುಟ್ಟಬೇಕಾದರೆ ಎರಡು ಜಮೀನು ಬೇಕು. ಒಂದು ಹಕ್ಕು ಪಡೆಯುವ ಜಮೀನು, ಇನ್ನೊಂದು ಹಕ್ಕು ಕೊಡುವ ಜಮೀನು. ನಿಮ್ಮ ಗದ್ದೆ ಮೇಲೆ ನನ್ನ ತೋಟಕ್ಕೆ ದಾರಿ, ನಿಮ್ಮ ತೋಟದಿಂದ ನನ್ನ ಗದ್ದೆಗೆ ನೀರು, ಈ ಥರ. ದೂರದ ಪೇಟೆಯಲ್ಲಿ ಆಫೀಸು ಇಟ್ಟುಕೊಂಡ ಸಂಸ್ಥೆಗೆ ನಿಮ್ಮ ಪಕ್ಕ ಜಮೀನೇ ಇಲ್ಲ. ಹಾಗಾಗಿ ಅದಕ್ಕೆ ಈಸ್‌ಮೆಂಟ್ ಹಕ್ಕು ಕೊಡೋಕೆ ಆಗುವುದಿಲ್ಲ. ಅಮೆರಿಕದ ರಾಜ್ಯಗಳು ಈ ತೊಡಕು ಬಿಡಿಸೋಕೆ ಅಂತಲೇ ಬೇರೆ ಕಾನೂನು ಮಾಡಿಕೊಂಡವು. 1981ರಲ್ಲಿ ಅದಕ್ಕೊಂದು ಮಾದರಿ ಕರಡೂ ಬಂತು.

ಇನ್ನು, ಈ ಜಮೀನು ಯಾರಿಗೂ ಮಾರಕೂಡದು ಅಂತ ಬರೆದರೆ ಅದೂ ನಿಲ್ಲೋದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ, ಅದೂ 1882ರದ್ದೇ, 10ನೇ ಕಲಂ. ಪೂರ್ತಿ ಮಾರಾಟ ತಡೆಯುವ ಷರತ್ತು ಬಿದ್ದುಹೋಗುತ್ತದೆ.

ನಮ್ಮ ಕಾನೂನಿನಲ್ಲೇ ಇರುವ ನೇರ ದಾರಿ ಅಂದರೆ ಸಮುದಾಯ ಮೀಸಲು. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ 36ಸಿ ಕಲಂ. ಊರಿನವರಾಗಲಿ, ಒಬ್ಬನೇ ಮಾಲೀಕನಾಗಲಿ ತಾನಾಗಿ ಮುಂದೆ ಬಂದರೆ ಸರ್ಕಾರ ಆ ಜಾಗವನ್ನು ಸಮುದಾಯ ಮೀಸಲು ಅಂತ ಘೋಷಿಸಬಹುದು. ಮಾಲೀಕತ್ವ ನಿಮ್ಮದೇ. 2022ರ ತಿದ್ದುಪಡಿ ಪ್ರಕಾರ ಖಾಸಗಿ ಜಮೀನಾದರೆ ಸಮಿತಿಯಲ್ಲಿ ಮಾಲೀಕ, ಇಲಾಖೆಯ ಒಬ್ಬರು, ಪಂಚಾಯ್ತಿ ಕಡೆಯ ಒಬ್ಬರು ಇರುತ್ತಾರೆ. ಒಮ್ಮೆ ಘೋಷಣೆ ಆದ ಮೇಲೆ ಜಾಗದ ಬಳಕೆ ಬದಲಿಸಬೇಕಾದರೆ ಸಮಿತಿ ಠರಾವು ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಒಳಗೆ ಹೋಗುವ ಬಾಗಿಲು ಸುಲಭ, ಹೊರಗೆ ಬರುವ ಬಾಗಿಲು ಕಷ್ಟ. ಕಾಡಿಗೆ ಅದು ಒಳ್ಳೆಯದು. ನಿಮ್ಮ ಅಣ್ಣ ಒಪ್ಪುತ್ತಾರಾ ನೋಡಿ.

ಒಂದು ಎಚ್ಚರಿಕೆ ಈಗಲೇ. ಮರದ ಜವಾಬ್ದಾರಿ ನಮ್ಮದು ಅಂದ ಗುತ್ತಿಗೆದಾರರನ್ನು ನಂಬಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನಲ್ಲೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟು. ಕೇಸು ಬಿದ್ದರೆ ನೋಟಿಸು ಹುಡುಕಿಕೊಂಡು ಬರುವುದು ಪಹಣಿಯಲ್ಲಿ ಹೆಸರಿದ್ದವರ ಮನೆಗೆ.

ಶಿಂಷಾ ತೀರ

ಸಮುದಾಯ ಮೀಸಲು ಅಂದಿರಲ್ಲ, ನಮ್ಮ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ಅದೇ. 2007ರಲ್ಲಿ ಆಯಿತು. ನನ್ನ ಹೆಂಡತಿಯ ತವರು ಆ ಕಡೆ, ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ಅಲ್ಲಿ ಕಾಡೇ ಇಲ್ಲ, ಊರು. ಹಿತ್ತಲಿನ ಹುಣಸೆ ಮರ, ಬೀದಿಯ ಅರಳಿ ಮರದ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಅವನ್ನು ನೋಡಿಕೊಳ್ಳುತ್ತಾರೆ. ಮಾತಿಗೆ ಚೆಂದ. ಆದರೆ ಆ ಮರದ ಕೆಳಗೆ ಒಂದು ಬೆಳಿಗ್ಗೆ ನಿಂತು ನೋಡಿ. ಅಂಗಳ ಪೂರ್ತಿ ಬಿಳಿ, ಮೀನಿನ ವಾಸನೆ, ಬಟ್ಟೆ ಒಣ ಹಾಕೋ ಹಾಗಿಲ್ಲ. ಹಕ್ಕಿ ಕೂತ ಮರದ ಹುಣಸೆ ಕೈಗೆ ಹತ್ತೋದಿಲ್ಲ. ಮರದ ಲೆಕ್ಕದಲ್ಲಿ ಮಾಲೀಕರಿಗೆ ಒಂದಿಷ್ಟು ಪರಿಹಾರ ಇದೆ, ಆದರೆ ಹುಣಸೆಗೆ ಬೆಲೆ ಬಂದ ವರ್ಷ ಆ ದುಡ್ಡು ಯಾವ ಲೆಕ್ಕಕ್ಕೂ ಬರೋದಿಲ್ಲ. ಆದರೂ ಮರ ನಿಂತಿವೆ. ಎಲ್ಲ ಅಲ್ಲ, ಸುಮಾರು.

ಕೆಂಪು ಮಣ್ಣು ಅವರೇ, ಅಲ್ಲಿ ನೂರು ಎಕರೆ ಸಾಹುಕಾರರು ಯಾರೂ ಇಲ್ಲ. ಒಬ್ಬೊಬ್ಬರದ್ದು ಒಂದು ಮರ, ಎರಡು ಮರ.

ಕೆಂಪು ಮಣ್ಣು

ಒಪ್ಪಿದೆ. ಆ ಉದಾಹರಣೆ ನನಗೆ ಹೊಳೆದಿರಲಿಲ್ಲ.

ಬಾಣೆ ಬದಿ

ಕೊಡಗಿನಿಂದ. ನಮ್ಮಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಿಂದ ಒಂದೊಂದೇ ತುಂಡು ಜಮೀನು ಕೊಂಡು ಕಾಡಿಗೆ ಬಿಟ್ಟರು. ಬ್ರಹ್ಮಗಿರಿ ಬದಿಯಲ್ಲಿ, ಸಾಯ್ ಸ್ಯಾಂಕ್ಚುಯರಿ ಅಂತ, ಸುಮಾರು 300 ಎಕರೆ. ಅನಿಲ್ ಅವರು 2021ರಲ್ಲಿ ತೀರಿಕೊಂಡರು. ಕೊಂಡು ಉಳಿಸೋದು ಎಲ್ಲಕ್ಕಿಂತ ಗಟ್ಟಿ ದಾರಿ, ಅನುಮಾನ ಇಲ್ಲ. ಕೊಳ್ಳೇಗಾಲದ ಕಡೆ ಆನೆ ದಾರಿಗೆ ಬೇಕಾದ 25 ಎಕರೆಯಷ್ಟು ಜಾಗವನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಕೊಂಡು ಸರ್ಕಾರಕ್ಕೆ ಒಪ್ಪಿಸಿದ್ದೂ ಹಾಗೇ. ಆದರೆ ಎಷ್ಟು ಅಂತ ಕೊಳ್ಳುತ್ತೀರಿ?

ನಮ್ಮ ಬಾಣೆಗಳಲ್ಲಿ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗಗಳಲ್ಲಿ, ಹಳೇ ಮರದ ನೆರಳಲ್ಲೇ ಕಾಫಿ ಬೆಳೆದೆವು. ಈಗ ನೋಡಿ, ಒಂದೊಂದೇ ಕಾಡುಮರ ಹೋಗಿ ಸಿಲ್ವರ್ ಓಕ್ ಬರುತ್ತಿದೆ. ಯಾಕೆ? ಸಿಲ್ವರ್ ಓಕ್ ಕಡಿಯೋಕೆ ತಕರಾರಿಲ್ಲ, ಹೊನ್ನೆ ಮುಟ್ಟಿದರೆ ಹತ್ತು ಕಾಗದ. ಕಾಡುಮರ ಬೆಳೆಸಿದವನಿಗೆ ಅದು ಆಸ್ತಿಯಲ್ಲ, ತಲೆನೋವು. ಸುಮ್ನೆ ಓದುಗ ಹೇಳಿದ ಹೆದರಿಕೆ ಇದೇ.

ಶಿರಸಿ ಸೊಪ್ಪು

ಬರಹದಿಂದ ಕಾಡು ಉಳಿಯುತ್ತದೆ ಅನ್ನೋರಿಗೆ ನಮ್ಮ ಬೆಟ್ಟ ತೋರಿಸಬೇಕು. ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟಿದ್ದಾರೆ, ಬ್ರಿಟಿಷರ ಕಾಲದಿಂದ. ಸೊಪ್ಪು ತಗೊಳ್ಳಿ, ದರಕು ಅಂದರೆ ಉದುರಿದ ಒಣ ಎಲೆ ಗುಡಿಸಿ, ಮರ ಕಡಿಯಬೇಡಿ. ಇದೂ ಒಂದು ಒಪ್ಪಂದವೇ ಅಲ್ವಾ? ಎಲ್ಲರಿಗೂ ಷರತ್ತು ಒಂದೇ. ನಮ್ಮ ಬೆಟ್ಟದಲ್ಲಿ ಈಗಲೂ ಮಂಗಟ್ಟೆ ಹಕ್ಕಿ ಕೂಗುತ್ತದೆ. ಆಚೆ ದಿಂಬದ ಬೆಟ್ಟದಲ್ಲಿ ಕರಡದ ಹುಲ್ಲು ಬಿಟ್ಟರೆ ಏನೂ ಇಲ್ಲ, ಬೋಳು. ಒಂದು ಮನೆಯವರು ದಿನಾ ಬೆಟ್ಟ ಹತ್ತುತ್ತಿದ್ದರು, ಇನ್ನೊಂದು ಮನೆಯವರು ಪೇಟೆ ಸೇರಿದರು. ಅಷ್ಟೇ ವ್ಯತ್ಯಾಸ.

ಕೊಂಕಣ ರೈಲು

ಕೆಲಸದ ಮೇಲೆ ರತ್ನಾಗಿರಿಯಲ್ಲಿದ್ದೇನೆ. ಈ ಕಡೆ ಬಹುಪಾಲು ಕಾಡು ಖಾಸಗಿಯವರದ್ದೇ. ಒಂದೊಂದು ಸಾತ್‌ಬಾರಾದಲ್ಲಿ, ಅಂದರೆ ಇಲ್ಲಿನ ಪಹಣಿಯಲ್ಲಿ, ಇಪ್ಪತ್ತು ಮೂವತ್ತು ಹೆಸರು. ಅರ್ಧ ಜನ ಮುಂಬೈಯಲ್ಲಿ. ಸೌದೆ ಗುತ್ತಿಗೆದಾರ ಬಂದು ಗುಡ್ಡಕ್ಕೆ ಇಷ್ಟು ಅಂತ ಮಾತಾಡಿ ಪೂರ್ತಿ ಬೋಳಿಸಿಕೊಂಡು ಹೋಗುತ್ತಾನೆ. ತಲೆಗೆ ಹಂಚಿದರೆ ಒಬ್ಬೊಬ್ಬರಿಗೆ ಬರುವುದು ಒಂದು ಮೊಬೈಲ್ ದುಡ್ಡು.

ಸಂಗಮೇಶ್ವರ ತಾಲೂಕಿನಲ್ಲಿ ಪುಣೆಯ ಅಪ್ಲೈಡ್ ಎನ್ವಿರಾನ್‌ಮೆಂಟಲ್ ರಿಸರ್ಚ್ ಫೌಂಡೇಶನ್ ಅನ್ನುವ ಸಂಸ್ಥೆ ಇಂಥ ಮಾಲೀಕರ ಜೊತೆ ಸಂರಕ್ಷಣಾ ಒಪ್ಪಂದ ಮಾಡಿಕೊಳ್ಳುತ್ತಿದೆ. ಶಾಶ್ವತ ಅಲ್ಲ, ಇಂತಿಷ್ಟು ವರ್ಷ ಕಡಿಯುವುದಿಲ್ಲ ಅಂತ. ಬದಲಿಗೆ ಮಾಲೀಕರಿಗೆ, ಊರಿಗೆ ಏನಾದರೂ ನೆರವು. ಇನ್ನೊಂದು ಕೆಲಸ ನನಗೆ ಇನ್ನೂ ಹಿಡಿಸಿತು. ತಾರೆಕಾಯಿ, ಅಳಲೆಕಾಯಿ ಹೆಕ್ಕುವುದಕ್ಕೆ ಫೇರ್‌ವೈಲ್ಡ್ ಅನ್ನುವ ಪ್ರಮಾಣಪತ್ರ ಮಾಡಿಸಿ, ಒಳ್ಳೆ ಬೆಲೆಗೆ ಮಾರುವ ವ್ಯವಸ್ಥೆ ಮಾಡಿದರು. ಮಂಗಟ್ಟೆ ಗೂಡು ಮಾಡೋದು ಅದೇ ದೊಡ್ಡ ತಾರೆ ಮರದ ಪೊಟರೆಯಲ್ಲಿ. ಕಾಯಿಗೆ ಬೆಲೆ ಬಂದರೆ ಮರ ನಿಲ್ಲುತ್ತದೆ, ಮರ ನಿಂತರೆ ಹಕ್ಕಿ.

ಅಕ್ಕ, ನಿಮ್ಮ ಕಾನಿನಲ್ಲಿ ಹೆಕ್ಕುವಂಥದ್ದು ಏನಿದೆ?

ಕಾನಂಚಿನ ಮನೆ

ಎಷ್ಟೊಂದು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಮೊದಲು ಪಹಣಿ ಸುದ್ದಿ. ಪಹಣಿ ಪುಟ ಹೇಳಿದ್ದೇ ನಿಜ. 11 ಎಕರೆ ಅಂದದ್ದರಲ್ಲಿ ಹಿಡುವಳಿ 6 ಎಕರೆ 20 ಗುಂಟೆ ಮಾತ್ರ. ಉಳಿದದ್ದು ಬೆಟ್ಟ. ತಮ್ಮ ನಕ್ಷೆ ನೋಡಿ ಅರ್ಧ ಗಂಟೆ ಮಾತಾಡಲಿಲ್ಲ.

ಕೊಂಕಣ ರೈಲು ಅವರೇ, ಉಪ್ಪಾಗೆ ಇದೆ, ಮುರುಗಲು ಇದೆ, ರಾಮಪತ್ರೆ ನಾಲ್ಕೈದು ಮರ. ಅಬ್ಬಿ ಪಕ್ಕದಲ್ಲಿ ಒಂದು ಅಪ್ಪೆಮಿಡಿ ಮಾವಿನ ಮರ, ಜೀರಿಗೆ ವಾಸನೆಯದ್ದು. ಅಪ್ಪ ಇದ್ದಾಗ ಮರ ಹತ್ತುವವರು ಮಿಡಿಯನ್ನು ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಸುತ್ತಿದ್ದರು. ನೆಲಕ್ಕೆ ಬಿದ್ದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ. ಹೋದ ವರ್ಷ ಯಾರೋ ರಾತ್ರಿ ಬಂದು ಟೊಂಗೆಯನ್ನೇ ಕಡಿದು ಬೀಳಿಸಿ ಕೊಯ್ದುಕೊಂಡು ಹೋದರು. ಕಡಿದ ಕಡೆ ಇನ್ನೂ ಸೊನೆ ಗಟ್ಟಿಯಾಗಿ ಅಂಟಿಕೊಂಡಿದೆ. ಉಪ್ಪಾಗೆಗೂ ಇದೇ ಗತಿ. ಮಳೆಯಲ್ಲಿ ಒಣಗಿಸೋಕೆ ಬೆಂಕಿ ಬೇಕು, ಆ ಬೆಂಕಿಗೆ ಇನ್ನೊಂದು ಮರ.

ಈ ಚರ್ಚೆಯ ಕೊಂಡಿಯನ್ನು ಅಣ್ಣನಿಗೆ ಕಳಿಸಿದ್ದೇನೆ. ಬೈಯುತ್ತಾನೋ ಏನೋ.

ಆ ಅಣ್ಣ

ನಾನೇ ಆ ಅಣ್ಣ. ತಂಗಿ ಪೂರ್ತಿ ಬೈದಿಲ್ಲ, ಅದೇ ಪುಣ್ಯ.

ನನ್ನ ಕಡೆಯದ್ದೂ ಕೇಳಿ. ಕಾನು ಉಳಿದರೆ ತೋಟಕ್ಕೆ ನೀರು, ಸರಿ. ತೋಟ ನೋಡುವುದು ತಮ್ಮ, ಅಡಿಕೆ ಮಾರುವುದು ತಮ್ಮ. ಹಕ್ಕಿ ನೋಡೋಕೆ ಬರುವುದು ತಂಗಿ ಮತ್ತು ಅವಳ ಮಕ್ಕಳು. ಸುಮ್ಮನೆ ಕೂರಬೇಕಾದವನು ನಾನು. ವರ್ಜೀನಿಯಾದಲ್ಲಿ ಸರ್ಕಾರ ತೆರಿಗೆ ಬಿಡುತ್ತದೆ, ಇಲ್ಲಿ ಯಾರು ಏನು ಬಿಡುತ್ತಾರೆ? ಶಾಶ್ವತ ಅನ್ನೋ ಪದ ಕೇಳಿದರೇ ನನಗೆ ಭಯ. ನನ್ನ ಮಗಳು ನಲವತ್ತು ವರ್ಷದವಳಾದಾಗ ಅವಳಿಗೆ ಏನು ಬೇಕಾಗುತ್ತದೆ ಅಂತ ಈಗ ನಾನು ಸಹಿ ಹಾಕಲಾ?

ಶೆನಂಡೋವಾ ಕನ್ನಡಿಗ

ಅಣ್ಣನವರ ಮಾತಿಗೆ ಒಂದು ಸೇರಿಸುತ್ತೇನೆ. ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಬರುವುದು ಹೆಚ್ಚಾಗಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ. 1997ರಲ್ಲಿ ನಗರ ಮತ್ತು ಅಲ್ಲಿನ ಊರುಗಳ ನಡುವೆ ಒಪ್ಪಂದ ಆಯಿತು. ಕೋಟಿಗಟ್ಟಲೆ ಡಾಲರ್ ಸುರಿದು ನೀರು ಸೋಸುವ ಘಟಕ ಕಟ್ಟೋ ಬದಲು, ನಗರ ಮೇಲಿನ ಜಮೀನುಗಳನ್ನು ಕೊಳ್ಳೋಕೆ, ಇಲ್ಲವೇ ಮಾಲೀಕರಿಂದ ಇಂಥ ಹಕ್ಕು ಬರೆಸಿಕೊಳ್ಳೋಕೆ ದುಡ್ಡು ಹಾಕಿತು. ನೀರು ಕುಡಿಯುವವರು ಕಾಡಿನವರಿಗೆ ಕೊಟ್ಟರು.

ಬಾಣೆ ಬದಿ

ಬೆಂಗಳೂರು ಕುಡಿಯುವ ಕಾವೇರಿ ಹುಟ್ಟುವುದು ನಮ್ಮ ಬೆಟ್ಟದಲ್ಲಿ. ಬಿಲ್ಲು ಕಳಿಸೋಣ್ವಾ?

ಕೋರ್ಟು ಕಟ್ಟೆ

ಅಣ್ಣನವರು ಬರೆದದ್ದು ಓದುವಾಗ ಒಂದು ಹೊಳೆಯಿತು. ನಾನೇ ಮೊದಲು ಎರಡು ಜಮೀನು ಬೇಕು ಅಂತ ಬರೆದು, ನಿಮ್ಮ ಹತ್ತಿರ ಎರಡು ಜಮೀನು ಇರುವುದನ್ನು ಗಮನಿಸಲಿಲ್ಲ. ಮೇಲೆ ಕಾನು, ಕೆಳಗೆ ತೋಟ.

ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಕಲಂ ಓದಿಸಿಕೊಳ್ಳಿ. ತನ್ನ ಜಮೀನನ್ನು ಚೆನ್ನಾಗಿ ಅನುಭವಿಸುವ ಸಲುವಾಗಿ ಪಕ್ಕದ ಜಮೀನಿನಲ್ಲಿ ಇಂಥದ್ದು ಮಾಡಕೂಡದು ಅಂತ ತಡೆಯುವ ಹಕ್ಕು ಒಬ್ಬರಿಗೆ ಇದ್ದರೆ, ಆ ಪಕ್ಕದ ಜಮೀನನ್ನು ಮುಂದೆ ತಿಳಿದೂ ಕೊಂಡವರ ಮೇಲೂ ಅದು ನಡೆಯುತ್ತದೆ. ಪತ್ರ ನೋಂದಣಿ ಆಗಿದ್ದರೆ ಗೊತ್ತಿರಲಿಲ್ಲ ಅನ್ನೋಕೆ ಬರೋದಿಲ್ಲ. ತಮ್ಮನ ತೋಟಕ್ಕೆ ಅಬ್ಬಿ ನೀರು ಬೇಕು, ಅದಕ್ಕಾಗಿ ಕಾನು ಕಡಿಯಕೂಡದು. ಕಾರಣ ಪಕ್ಕಾ ಇದೆ.

ಎರಡು ವಿಷಯ ನೆನಪಿಡಿ. ಕಾನೂ ತೋಟವೂ ಒಬ್ಬರ ಹೆಸರಲ್ಲೇ ಇದ್ದರೆ ಈ ಹಕ್ಕು ಹುಟ್ಟೋದೇ ಇಲ್ಲ. ಹಾಗಾಗಿ ಪಾಲು ಆಗುವುದೇ ಇಲ್ಲಿ ಒಳ್ಳೆಯದು. ಇನ್ನೊಂದು, ಮಾಡಬೇಡ ಅನ್ನೋ ಷರತ್ತು ಮುಂದಿನವರ ಮೇಲೆ ನಡೆಯುತ್ತದೆ, ಮಾಡು ಅನ್ನೋದು ನಡೆಯೋದಿಲ್ಲ. ಕಡಿಯಬೇಡ, ಜೆಸಿಬಿ ತರಬೇಡ, ಬೋರು ಕೊರೆಯಬೇಡ ಅಂತ ಬರೆಯಿರಿ. ಬೇಲಿ ಹಾಕು, ಕಾವಲು ಕಾಯಿ ಅಂತ ಬರೆದರೆ ಅದು ನಿಮ್ಮ ಮೂವರ ನಡುವಿನ ಮಾತು ಅಷ್ಟೇ. ವರ್ಷ ಎಷ್ಟು ಅಂತಲೂ ನೀವೇ ಹಾಕಿಕೊಳ್ಳಬಹುದು. ಊರಿನ ವಕೀಲರಿಗೆ ಪೂರ್ತಿ ಕಾಗದ ತೋರಿಸಿಯೇ ಮಾಡಿ, ನನ್ನ ಮಾತು ನಂಬಿ ಸಹಿ ಹಾಕಬೇಡಿ.

ಆ ಅಣ್ಣ

15 ವರ್ಷ ಅಂದರೆ ನಾನು ಕೂತು ಮಾತಾಡುತ್ತೇನೆ. ನೀರು ಕುಡಿಯುವವರು ಕೊಡಲಿ ಅನ್ನೋ ಮಾತು ತಮ್ಮನಿಗೂ ಓದಿ ಹೇಳಿದ್ದೇನೆ.

ಶಿರಸಿ ಸೊಪ್ಪು

ವರ್ಷಕ್ಕೊಮ್ಮೆ ಫೋಟೋ ತೆಗೆಯುವ ಆ ಹುಡುಗಿ ಕೆಲಸ ನಿಮ್ಮಲ್ಲಿ ಯಾರದ್ದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ ಮಾರಾಯ್ರೆ.

ಕಾನಂಚಿನ ಮನೆ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕೊನೆಗೆ ಆದದ್ದು ಹೀಗೆ. ತೋಟ ಪೂರ್ತಿ ತಮ್ಮನಿಗೆ, ಮನೆ ಪಕ್ಕದ ಗದ್ದೆ ಅಣ್ಣನಿಗೆ. ಹಿಡುವಳಿ ಕಾನಿನಲ್ಲಿ 3 ಎಕರೆ 10 ಗುಂಟೆ ಅಣ್ಣನಿಗೆ, ಅಷ್ಟೇ ನನಗೆ. ಕಾನು ಕಡಿಯದ ಷರತ್ತು ತಮ್ಮನ ತೋಟದ ಪರವಾಗಿ. ನನ್ನ ಪಾಲಿಗೆ ವರ್ಷದ ಮಿತಿ ಇಲ್ಲ. ಅಣ್ಣನ ಪಾಲಿಗೆ 15 ವರ್ಷ, ಆಮೇಲೆ ಮತ್ತೆ ಕೂತು ಮಾತಾಡುವುದು. ಅಲ್ಲಿಯವರೆಗೆ ತಮ್ಮ ಪ್ರತಿ ವರ್ಷ ಅಡಿಕೆ ಮಾರಿದ ಮೇಲೆ ನೀರಿನ ಬಾಬ್ತು ಅಂತ ಅಣ್ಣನಿಗೆ ಮೂರು ಚೀಲದ ದುಡ್ಡು ಕೊಡಬೇಕು. ಶುಂಠಿಯವರು ಕೊಡುತ್ತೇನೆ ಅಂದದ್ದರ ಮುಂದೆ ಇದು ಕಡಿಮೆಯೇ. ಅಣ್ಣ ಅದನ್ನು ಎರಡು ಸಲ ನೆನಪು ಮಾಡಿದ. ಸಮುದಾಯ ಮೀಸಲಿನ ಮಾತನ್ನು ಸದ್ಯಕ್ಕೆ ಬಿಟ್ಟಿದ್ದೇವೆ, ಅಣ್ಣನಿಗೆ ಧೈರ್ಯ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಇಲ್ಲ.

ಫೋಟೋ ಕೆಲಸ ನನ್ನದು. ಹೋದ ಭಾನುವಾರ ಮೂವರೂ ಹತ್ತಿದೆವು. ಗಡಿ ಕಲ್ಲು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಒಂದು ಕಲ್ಲನ್ನು ಮತ್ತಿ ಮರದ ಬೇರು ಪೂರ್ತಿ ನುಂಗಿದೆ, ತುದಿ ಮಾತ್ರ ಕಾಣುತ್ತದೆ. ಅಣ್ಣನ ಕಾಲಿಗೆ ಎಂಟು ಇಂಬಳ.

ಈಗ ಹೊಸ ತಕರಾರು. ಅಪ್ಪೆಮಿಡಿ ಮರದ ಬುಡ ನನ್ನ ಪಾಲಿನಲ್ಲಿದೆ. ಕಳ್ಳರು ಕಡಿದು ಉಳಿದ ಒಳ್ಳೆ ಟೊಂಗೆಗಳೆಲ್ಲ ಅಣ್ಣನ ಕಡೆ ವಾಲಿವೆ. ಮಿಡಿ ಯಾರದ್ದು?

ಪಹಣಿ ಪುಟ

ಬುಡ ಯಾರ ಜಾಗದಲ್ಲಿದೆಯೋ ಮರ ಅವರದ್ದು. ಆದರೂ ಅಣ್ಣನವರಿಗೆ ಒಂದು ಭರಣಿ ಹಾಕಿ ಕಳಿಸಿ. ನನಗೆ ಚಿಕ್ಕ ಬಾಟಲಿ ಆದರೂ ನಡೆಯುತ್ತದೆ.